ಸಹಾಯಾರ್ಥ ನೃತ್ಯ: ಗುರುಗಳು ಕೊಡುವುದೇನು, ನಾವು ಕೊಡಬೇಕಾದುದೇನು?

ಕಾಫಿ ಕುಯ್ಲು ಮುಗಿದು, ಅಡಿಕೆ ಚೊಗರಿನ ವಾಸನೆ ಅಂಗಳದಿಂದ ಮಾಯವಾಗಿ, ಬೆಳೆಗಾರರೆಲ್ಲ ಹೂಮಳೆಗಾಗಿ ಆಕಾಶ ನೋಡುವ ದಿನಗಳು ಬಂದವೆಂದರೆ ಸಂಘದ ಕಚೇರಿಗೆ ಎರಡು ಬಗೆಯ ಕಾಗದಗಳು ಬರತೊಡಗುತ್ತವೆ. ಒಂದು ಗೊಬ್ಬರದ ಸಾಲದ ಅರ್ಜಿ, ಇನ್ನೊಂದು ಸಹಾಯಾರ್ಥ ಪ್ರದರ್ಶನದ ಮನವಿ. ಮೊದಲನೆಯದನ್ನು ಹೇಗೆ ಪರಿಶೀಲಿಸಬೇಕೆಂಬುದಕ್ಕೆ ನಮ್ಮಲ್ಲಿ ಬೈಲಾ ಇದೆ, ನಮೂನೆ ಇದೆ, ಜಾಮೀನಿನ ನಿಯಮವಿದೆ. ಎರಡನೆಯದಕ್ಕೆ ಮಾತ್ರ ಯಾವ ನಿಯಮವೂ ಇಲ್ಲ. ನಾಲ್ಕು ಜನ ಉತ್ಸಾಹಿಗಳು ಸೇರಿ ಒಳ್ಳೆಯ ಉದ್ದೇಶ ಹೇಳಿದರೆ ನಾವೆಲ್ಲ ಟಿಕೆಟ್ ಪುಸ್ತಕ ಹಿಡಿದು ಹೊರಡುವುದೇ ವಾಡಿಕೆಯಾಗಿದೆ. ಈ ವಾಡಿಕೆಯನ್ನು ಸ್ವಲ್ಪ ನಿಂತು ನೋಡಬೇಕಾದ ಸಂದರ್ಭ ಈ ಸಾರಿ ಒದಗಿದ್ದರಿಂದ ವಿಷಯವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ನಮ್ಮ ಹೋಬಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್‌ಗೆಂದು ಹೋಗಿಬರುವವರು ಇದ್ದಾರೆ. ಮೂತ್ರಪಿಂಡ ಕೈಕೊಟ್ಟವರಿಗೆ ವಾರಕ್ಕೆ ಎರಡು ಅಥವಾ ಮೂರು ಸಾರಿ ಈ ಚಿಕಿತ್ಸೆ ಬೇಕು. 2016ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಚಿಕಿತ್ಸೆ ಉಚಿತ. ಆದರೆ ತೋಟದ ಮೂಲೆಯಿಂದ ಆಸ್ಪತ್ರೆಯ ಬಾಗಿಲಿಗೆ ಹೋಗುವ ದಾರಿ ಉಚಿತವಲ್ಲ. ಡಯಾಲಿಸಿಸ್ ಮುಗಿಸಿ ಸುಸ್ತಾದ ಮನುಷ್ಯನನ್ನು ಬಸ್ಸಿನಲ್ಲಿ ನಿಲ್ಲಿಸಿ ತರುವುದಾಗುವುದಿಲ್ಲ. ಜೀಪೋ ಆಟೋವೋ ಮಾಡಲೇಬೇಕು. ಜೊತೆಗೆ ಹೋಗುವವರ ಆ ದಿನದ ಕೂಲಿಯೂ ಹೋಗುತ್ತದೆ. ಈ ವಾಹನ ವೆಚ್ಚಕ್ಕಾಗಿ ಒಂದು ನಿಧಿ ಮಾಡಬೇಕೆಂದು ಊರಿನ ಕೆಲವರು ಮುಂದೆ ಬಂದಿದ್ದಾರೆ. ನಿಧಿ ಕೂಡಿಸಲು ಒಂದು ಸಂಜೆ ಭರತನಾಟ್ಯ ಮತ್ತು ಯಕ್ಷಗಾನದ ಕಾರ್ಯಕ್ರಮ ಇಟ್ಟುಕೊಳ್ಳುವುದೆಂದು ತೀರ್ಮಾನವಾಗಿದೆ.

ಇಬ್ಬರು ಗುರುಗಳು ಒಪ್ಪಿದ್ದಾರೆ. ಒಬ್ಬರು ಪ್ರತಿ ಶನಿವಾರ ತಾಲ್ಲೂಕು ಕೇಂದ್ರದಿಂದ ಬಸ್ಸಿನಲ್ಲಿ ಬಂದು ಶಾಲೆಯ ಸಭಾಂಗಣದಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುವ ಟೀಚರು. ಇನ್ನೊಬ್ಬರು ಬಹಳ ವರ್ಷ ಮೇಳದ ತಿರುಗಾಟ ಮಾಡಿ, ಈಗ ನಾಲ್ಕು ಅಡಿಕೆ ಮರ ನೋಡಿಕೊಂಡು, ಭಾನುವಾರಗಳಂದು ಯಕ್ಷಗಾನದ ಹೆಜ್ಜೆ ಹೇಳಿಕೊಡುವ ಮೇಷ್ಟ್ರು. ತಮಗೆ ಸಂಭಾವನೆ ಬೇಡವೆಂದು ಇಬ್ಬರೂ ತಾವಾಗಿಯೇ ಹೇಳಿದ್ದಾರೆ. ಈ ಸುದ್ದಿ ಆಡಳಿತ ಮಂಡಳಿಯ ಸಭೆಗೆ ಬಂದಾಗ ನಿರ್ದೇಶಕರೊಬ್ಬರು, “ಅವರೇ ಪುಕ್ಕಟೆ ಅಂದಮೇಲೆ ಖರ್ಚು ಎಲ್ಲಿಂದ ಬಂತು? ಬಂದದ್ದೆಲ್ಲ ನಿಧಿಗೇ ಆಯಿತಲ್ಲ” ಎಂದು ಸಂತೋಷಪಟ್ಟರು. ಸಂತೋಷದ ಮಾತೇ ಸರಿ. ಆದರೆ ‘ಪುಕ್ಕಟೆ’ ಎಂಬ ಈ ಮಾತಿನ ಲೆಕ್ಕವನ್ನು ಬಿಡಿಸಿ ನೋಡುವುದು ಅವಶ್ಯವೆನಿಸಿತು.

ಗುರುಗಳು ಬರೆದುಕೊಟ್ಟ ಪಟ್ಟಿ

ಕಾರ್ಯಕ್ರಮಕ್ಕೆ ಏನೇನು ಬೇಕಾಗುತ್ತದೆಂದು ಇಬ್ಬರು ಗುರುಗಳನ್ನೂ ಕೇಳಿದೆವು. ಬರೆದುಕೊಡಲು ಟೀಚರು ಮೊದಲು ಒಪ್ಪಲಿಲ್ಲ. “ಬೇಡ ಸೆಕ್ರೆಟ್ರಿಗಳೇ, ಬರೆದುಕೊಟ್ಟರೆ ಕೇಳಿದ ಹಾಗಾಗುತ್ತೆ. ಮೃದಂಗದವರಿಗೆ, ಹಾಡುವವರಿಗೆ ಏನಾದರೂ ಕೊಟ್ಟರೆ ಸಾಕು. ನನ್ನದು ಬಿಡಿ” ಎಂದರು. ಒತ್ತಾಯ ಮಾಡಿದ ಮೇಲೆ ಬರೆದರು.

ಭರತನಾಟ್ಯವೆಂದರೆ ವೇದಿಕೆಯ ಮೇಲೆ ಕುಣಿಯುವ ಮಕ್ಕಳು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಾರೆ. ಪಕ್ಕದಲ್ಲಿ ಕುಳಿತು ತಾಳ ಹಿಡಿದು ಜತಿ ಹೇಳುವ ನಟುವಾಂಗದವರು, ಹಾಡುವವರು, ಮೃದಂಗದವರು, ಕೊಳಲೋ ಪಿಟೀಲೋ ನುಡಿಸುವವರು ಇಲ್ಲದೆ ಹೆಜ್ಜೆ ಏಳುವುದಿಲ್ಲ. ನಟುವಾಂಗವನ್ನು ಟೀಚರೇ ನೋಡಿಕೊಳ್ಳುತ್ತಾರೆ. ಉಳಿದ ಮೂವರು ಹೊರಗಿನಿಂದ ಬರಬೇಕು. ಅವರಿಗೆ ಇದೇ ಜೀವನೋಪಾಯ. ನಮ್ಮೂರಿನ ನಿಧಿಗೂ ಅವರಿಗೂ ಯಾವ ನಂಟೂ ಇಲ್ಲ. ಪ್ರದರ್ಶನಕ್ಕೆ ಮೊದಲು ಅವರೊಡನೆ ಒಂದೆರಡು ಸಾರಿಯಾದರೂ ಕೂಡಿ ಅಭ್ಯಾಸ ಮಾಡಬೇಕು. ಅಲರಿಪುವಿನಿಂದ ತಿಲ್ಲಾನದವರೆಗೆ ಒಂದು ಗಂಟೆಯಲ್ಲಿ ಮುಗಿಯುವ ಕಾರ್ಯಕ್ರಮದ ಹಿಂದೆ ಆರು ವಾರಗಳ ಹೆಚ್ಚುವರಿ ಪಾಠವಿದೆ. ಅದಕ್ಕಾಗಿ ಟೀಚರು ಇನ್ನೊಂದು ಊರಿನ ಬುಧವಾರದ ತರಗತಿಯನ್ನು ನಿಲ್ಲಿಸಬೇಕಾಗುತ್ತದೆ. ಅಲ್ಲಿನ ಮಕ್ಕಳ ಫೀಸು ಬರುವುದಿಲ್ಲ. ಉಡುಪಿನ ಬಾಡಿಗೆ, ಮುಖಕ್ಕೆ ಬಣ್ಣ ಹಾಕುವವರ ಕೂಲಿ, ಜಡೆ, ಹೂವು ಇವೆಲ್ಲ ಬೇರೆ.

ಮೇಷ್ಟ್ರ ಪಟ್ಟಿ ಚಿಕ್ಕದಾಗಿತ್ತು, ಅಕ್ಷರ ಮುದ್ದಾಗಿತ್ತು. ಭಾಗವತರು ಒಬ್ಬರು, ಮದ್ದಲೆ ಒಂದು, ಚೆಂಡೆ ಒಂದು. ವೇಷಭೂಷಣ ಬಾಡಿಗೆಗೆ ತರಬೇಕು, ಅದರ ಜೊತೆ ಚೌಕಿಯಲ್ಲಿ ವೇಷ ಕಟ್ಟಲು ತಿಳಿದವರು ಇಬ್ಬರು. ಮಕ್ಕಳ ಜೊತೆಗೆ ಮುಖ್ಯ ಪಾತ್ರಕ್ಕೆ ಮೇಳದಲ್ಲಿರುವ ತಮ್ಮ ಇಬ್ಬರು ಹಳೆಯ ಶಿಷ್ಯರನ್ನು ಕರೆಯುವುದಾಗಿ ತಿಳಿಸಿದ್ದರು. ಮೇಳಗಳ ತಿರುಗಾಟ ಮಳೆಗಾಲ ಕಳೆದ ಮೇಲೆ ಹೊರಟು ಮೇ ತಿಂಗಳ ಪತ್ತನಾಜೆಗೆ ಮುಗಿಯುವುದು ನಮಗೆಲ್ಲ ಗೊತ್ತಿರುವ ಸಂಗತಿ. ಆ ನಡುವೆ ಒಂದು ರಾತ್ರಿ ಮೇಳ ಬಿಟ್ಟು ಬರುವ ಕಲಾವಿದ ಬದಲಿ ವ್ಯವಸ್ಥೆ ಮಾಡಿಯೇ ಬರಬೇಕು. ಅಂದಿನ ಸಂಬಳವನ್ನೂ ಬಿಡಬೇಕು. ಪಟ್ಟಿಯ ಕೊನೆಯಲ್ಲಿ ಮೇಷ್ಟ್ರು, “ನನ್ನ ಬಾಬ್ತು ಏನೂ ಇಲ್ಲ” ಎಂದು ಬರೆದು ರುಜು ಹಾಕಿದ್ದರು.

ಎರಡೂ ಪಟ್ಟಿಗಳನ್ನು ಓದಿದಾಗ ಒಂದು ಮಾತು ಸ್ಪಷ್ಟವಾಯಿತು. ಗುರುಗಳು ದಾನವಾಗಿ ಕೊಡುತ್ತಿರುವುದು ತಮ್ಮ ವಿದ್ಯೆಯನ್ನು, ತಮ್ಮ ಸಮಯವನ್ನು. ಅದು ಅವರ ಸ್ವತ್ತು. ಕೊಡಲು ಅವರಿಗೆ ಹಕ್ಕುಂಟು, ಪಡೆಯಲು ನಮಗೆ ಸಂತೋಷವುಂಟು. ಆದರೆ ಮೃದಂಗದವರ ಕೂಲಿ, ವೇಷದ ಬಾಡಿಗೆ, ಬಸ್ಸಿನ ಚಾರ್ಜು ಅವರ ವಿದ್ಯೆಯಲ್ಲ. ಅವನ್ನು ನಾವು ಕೊಡದೇ ಹೋದರೆ ಅವು ತೀರದೆ ಉಳಿಯುವುದಿಲ್ಲ. ಗುರುಗಳ ಕೈಯಿಂದಲೇ ಸದ್ದಿಲ್ಲದೆ ತೀರುತ್ತವೆ. ಹಿಂದೆ ಒಂದೆಡೆ ಇಂಥದೇ ಕಾರ್ಯಕ್ರಮ ನಡೆದಾಗ ಪಕ್ಕವಾದ್ಯದವರಿಗೆಲ್ಲ ನೃತ್ಯ ಶಿಕ್ಷಕಿಯೇ ತಮ್ಮ ಉಳಿತಾಯದಿಂದ ಹಣ ಕೊಟ್ಟ ಸಂಗತಿ ಮಾರನೆಯ ವರ್ಷ ನಮ್ಮ ಕಿವಿಗೆ ಬಿತ್ತು. ಸಂಘಟಕರು ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಉಚಿತ ಸೇವೆ ಎಂದು ಭಾಷಣದಲ್ಲಿ ಹೊಗಳಿದ್ದರು. ಆ ಸೇವೆ ಉಚಿತವಾಗಿದ್ದುದು ನಮಗೆ, ಶಿಕ್ಷಕಿಗಲ್ಲ.

ಹಿಂದಿನವರು ನಡೆದ ದಾರಿ

ನೃತ್ಯದ ಮೂಲಕ ಹಣ ಕೂಡಿಸುವುದು ಹೊಸ ಸಂಗತಿಯೇನಲ್ಲ. ನಮ್ಮ ಕಡೆ ಡೇರೆ ಮೇಳಗಳ ಕಾಲದಲ್ಲಿ ಶಾಲೆಯ ಕಟ್ಟಡಕ್ಕೆ, ಯುವಕ ಮಂಡಲಕ್ಕೆ ಸಹಾಯಾರ್ಥ ಆಟ ಇಡುತ್ತಿದ್ದುದನ್ನು ಹಿರಿಯ ಸದಸ್ಯರು ಬಲ್ಲರು. ಆದರೆ ಅಲ್ಲಿ ಒಂದು ವ್ಯತ್ಯಾಸವಿತ್ತು. ಮೇಳಕ್ಕೆ ಇಂತಿಷ್ಟು ವೀಳ್ಯವೆಂದು ಮೊದಲೇ ಗೊತ್ತುಪಡಿಸಿ, ಟಿಕೆಟ್ಟಿನ ಹಣದಲ್ಲಿ ಅದನ್ನು ಕಳೆದು ಉಳಿದದ್ದನ್ನು ಸಂಘಟಕರು ಉದ್ದೇಶಕ್ಕೆ ಬಳಸುತ್ತಿದ್ದರು. ಮಳೆ ಬಂದು ಜನ ಸೇರದೇ ಹೋದರೆ ನಷ್ಟ ಸಂಘಟಕರದು. ಕಲಾವಿದನ ಸಂಬಳಕ್ಕೆ ಧಕ್ಕೆಯಿರಲಿಲ್ಲ. ಈಗ ನಾವು ಕೇಳುತ್ತಿರುವುದು ಬೇರೆ. ಕಲಿಸುವ ಗುರುಗಳೇ ತಮ್ಮ ಪಾಲು ಬಿಟ್ಟು ಬರಬೇಕೆನ್ನುತ್ತಿದ್ದೇವೆ. ಅಂದಮೇಲೆ ನಮ್ಮ ಜವಾಬ್ದಾರಿ ಅಂದಿನವರಿಗಿಂತ ಹೆಚ್ಚಿನದು.

ದೇಶದ ಬೇರೆ ಕಡೆಗಳಲ್ಲಿ ನಡೆದ ಒಂದೆರಡು ನಿದರ್ಶನಗಳನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. 1936ರ ಮಾರ್ಚಿಯಲ್ಲಿ ರವೀಂದ್ರನಾಥ ಠಾಕೂರರು ತಮ್ಮ ‘ಚಿತ್ರಾಂಗದಾ’ ನೃತ್ಯರೂಪಕದ ತಂಡವನ್ನು ಕಟ್ಟಿಕೊಂಡು ಉತ್ತರ ಭಾರತದ ಪ್ರವಾಸ ಹೊರಟಿದ್ದರು. ಶಾಂತಿನಿಕೇತನದ ವಿಶ್ವಭಾರತಿಗೆ ಹಣದ ಅಡಚಣೆ; ಅದನ್ನು ನೀಗಲು ಈ ತಿರುಗಾಟ. ಕವಿಗಳಿಗೆ ಆಗ 74 ವರ್ಷ ದಾಟಿತ್ತು, ಆರೋಗ್ಯವೂ ಸರಿಯಿರಲಿಲ್ಲ. ದೆಹಲಿಯಲ್ಲಿ ಇದನ್ನು ಕಂಡ ಗಾಂಧೀಜಿಯವರು, ಎಷ್ಟು ಹಣ ಬೇಕಾಗಿದೆಯೆಂದು ವಿಚಾರಿಸಿ, ಹೆಸರು ಹೇಳಬಯಸದ ದಾನಿಗಳಿಂದ 60,000 ರೂಪಾಯಿ ತರಿಸಿ ಕವಿಗಳಿಗೆ ಒಪ್ಪಿಸಿದರು. ಈ ವಯಸ್ಸಿನಲ್ಲಿ ಹಣಕ್ಕಾಗಿ ಊರೂರು ಅಲೆಯುವ ಪ್ರವಾಸವನ್ನು ನಿಲ್ಲಿಸಬೇಕೆಂದು ಕೇಳಿಕೊಂಡರು. ಕೊಡಬೇಕಾದವರು ಕೊಟ್ಟಿದ್ದರೆ ಕಲಾವಿದನ ಮೈ ದಣಿಯಬೇಕಾಗಿರಲಿಲ್ಲ ಎಂಬುದೇ ಈ ಪ್ರಸಂಗದ ಸಾರ.

ಅದಾದ ಏಳು ವರ್ಷಕ್ಕೆ, 1943ರಲ್ಲಿ, ಬಂಗಾಳದ ಭೀಕರ ಕ್ಷಾಮ ಬಂತು. ಸುಮಾರು 30 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಹುಟ್ಟಿದ ಜನನಾಟ್ಯ ಸಂಘ, ಅಂದರೆ ಇಪ್ಟಾ, ಕ್ಷಾಮ ಪರಿಹಾರಕ್ಕೆ ಹಾಡು ಮತ್ತು ನೃತ್ಯದ ತಂಡವನ್ನು ಬಂಗಾಳದಿಂದ ಹೊರನಾಡುಗಳಿಗೆ ಕಳಿಸಿತು. ಬಿನಯ್ ರಾಯ್ ಅದರ ಮುಂದಾಳು. ಜನರು ಕೈಯಲ್ಲಿದ್ದ ಹಣ ಕೊಟ್ಟರು. ಮುಂದೆ ಅಂಧೇರಿಯಲ್ಲಿ ಸಂಘದ ಕೇಂದ್ರ ತಂಡ ಏರ್ಪಟ್ಟಾಗ, ಉದಯಶಂಕರರ ಅಲ್ಮೋರಾ ಕೇಂದ್ರದಿಂದ ಬಂದಿದ್ದ ಶಾಂತಿ ಬರ್ಧನ್ ಅದರ ನೃತ್ಯ ಗುರುವಾದರು. ತಂಡದವರೆಲ್ಲ ಒಂದೇ ಸೂರಿನಡಿ ಇದ್ದು, ಸಾದಾ ಊಟ ಉಂಡು, ಅಭ್ಯಾಸ ಮಾಡಿದವರು. ಇದೇ ಶಾಂತಿ ಬರ್ಧನರು ಕ್ಷಯರೋಗಕ್ಕೆ ತುತ್ತಾದರು. ಆ ನಡುವೆಯೇ 1952ರಲ್ಲಿ ಲಿಟ್ಲ್ ಬ್ಯಾಲೆ ಟ್ರೂಪ್ ಕಟ್ಟಿ, ಬೊಂಬೆಯಾಟದ ನಡೆಯಲ್ಲಿ ರಾಮಾಯಣವನ್ನು ರೂಪಿಸಿ, 1954ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಇನ್ನೊಬ್ಬರ ಹಸಿವಿಗಾಗಿ ಕಟ್ಟಿದ ಸಂಘಕ್ಕೆ ಹೆಜ್ಜೆ ಕಲಿಸಿದವನಿಗೂ ದೇಹವಿದೆ, ಕಾಯಿಲೆಯಿದೆ, ಮನೆಯಿದೆ ಎಂಬುದನ್ನು ನಾವು ಮರೆಯಬಾರದು.

ನಮ್ಮ ನೆರೆಯಲ್ಲಿ ಈ ತಿಳಿವಳಿಕೆ ಸಂಸ್ಥೆಯ ರೂಪವನ್ನೇ ಪಡೆದಿದೆ. 1975ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಕಷ್ಟಸುಖ ನೋಡುತ್ತ ಬಂದಿದೆ. ಬಡ ವಿದ್ಯಾರ್ಥಿಗಳ ಓದಿಗೂ ನೆರವಾಗುತ್ತಿದೆ. 2015ರಲ್ಲಿ ಭಾಗವತರಾದ ಪಟ್ಲ ಸತೀಶ್ ಶೆಟ್ಟಿಯವರು ಸ್ಥಾಪಿಸಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಅಶಕ್ತ ಕಲಾವಿದರಿಗೆ ಆಸರೆಯಾಗಿ ನಿಂತಿದೆ. ಕಲಾವಿದರು ಕಲಾವಿದರಿಗಾಗಿ ಇಷ್ಟು ಮಾಡಿರುವಾಗ, ಅವರಿಂದ ಪಡೆಯುವ ನಾವು ಅವರ ಬಗೆಗೆ ಏನು ಮಾಡಿದ್ದೇವೆಂದು ಕೇಳಿಕೊಳ್ಳುವುದು ನ್ಯಾಯ.

ಔಟ್‌ಟರ್ನ್ ಎಷ್ಟು?

ಕಾಫಿ ಹಣ್ಣಿನ ತೂಕ ನೋಡಿ ಹಿಗ್ಗುವವನು ಬೆಳೆಗಾರನಲ್ಲ. ಕ್ಯೂರಿಂಗ್ ವರ್ಕ್ಸ್‌ನಿಂದ ಔಟ್‌ಟರ್ನ್ ಎಷ್ಟು ಬಂತೆಂದು ನೋಡಿದ ಮೇಲೆಯೇ ನಮ್ಮ ಲೆಕ್ಕ. ಸಹಾಯಾರ್ಥ ಪ್ರದರ್ಶನಕ್ಕೂ ಈ ಮಾತು ಸಲ್ಲುತ್ತದೆ. ಸದಸ್ಯರ ತಿಳಿವಳಿಕೆಗಾಗಿ ಒಂದು ಉದಾಹರಣೆ ಲೆಕ್ಕ ಹಾಕೋಣ. ಅಂಕಿಗಳು ಕೇವಲ ಮಾದರಿಗೆ.

ತಲಾ 200 ರೂಪಾಯಿಯ 300 ಟಿಕೆಟ್ ಮಾರಿದರೆ 60,000 ರೂಪಾಯಿ. ಖರ್ಚಿನ ಬಾಬ್ತು ಹೀಗೆಂದು ಇಟ್ಟುಕೊಳ್ಳಿ: ಪಕ್ಕವಾದ್ಯ ಮತ್ತು ಹಿಮ್ಮೇಳದವರಿಗೆ 14,000, ವೇಷಭೂಷಣ, ಬಣ್ಣಗಾರಿಕೆಗೆ 12,000, ಚಪ್ಪರ, ವೇದಿಕೆ, ಧ್ವನಿ, ಬೆಳಕಿಗೆ 15,000, ವಾಹನಕ್ಕೆ 4,000, ಊಟೋಪಚಾರಕ್ಕೆ 6,000, ಕರಪತ್ರ, ಟಿಕೆಟ್ ಮುದ್ರಣ ಇತ್ಯಾದಿಗೆ 3,000. ಒಟ್ಟು 54,000. ನಿಧಿಗೆ ಉಳಿದದ್ದು 6,000 ರೂಪಾಯಿ. ಇಬ್ಬರು ಗುರುಗಳು ಆರು ವಾರ ದುಡಿದು, ಮಕ್ಕಳು ಪಾಠ ಬಿಟ್ಟು ಕುಣಿದು, ಇಡೀ ಊರು ಸೇರಿ, ರೂಪಾಯಿಗೆ ಹತ್ತು ಪೈಸೆಯ ಔಟ್‌ಟರ್ನ್!

ಇಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಖರ್ಚು ತಗ್ಗಿಸಬೇಕೆಂಬ ಮಾತು ಬಂದಾಗ ಮೊದಲ ಕತ್ತರಿ ಬೀಳುವುದು 14,000ದ ಮೇಲೆ. ಚಪ್ಪರದವನು ಬಿಡುವುದಿಲ್ಲ, ಮೈಕಿನವನು ಬಿಡುವುದಿಲ್ಲ, ಮುದ್ರಣಾಲಯದವನು ಬಿಡುವುದಿಲ್ಲ. ಬಿಡುವವರು ಕಲಾವಿದರೊಬ್ಬರೇ, ಅವರು ಬಾಯಿಬಿಟ್ಟು ಕೇಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕತ್ತರಿ ಬೇರೆ ಕಡೆ ಆಡಬೇಕು. ಊಟ ನಮ್ಮ ಮನೆಗಳಿಂದ ಬರಲಿ. ವಾಹನಕ್ಕೆ ಸದಸ್ಯರ ಜೀಪುಗಳಿವೆ. ಶಾಲೆಯ ಸಭಾಂಗಣ ಸಿಕ್ಕರೆ ಚಪ್ಪರ ಬೇಡ. 15,000 ಇದ್ದದ್ದು 7,000ಕ್ಕೆ ಇಳಿದೀತು. ಮುದ್ರಣದ ಬಾಬ್ತನ್ನು ಯಾರಾದರೂ ಒಬ್ಬರು ವಹಿಸಿಕೊಳ್ಳಲಿ. ಆಗ ಖರ್ಚು 33,000ಕ್ಕೆ ಬರುತ್ತದೆ, ಉಳಿಕೆ 27,000ಕ್ಕೆ ಏರುತ್ತದೆ. ಹಿಮ್ಮೇಳದವರ ಒಂದು ರೂಪಾಯಿಯನ್ನೂ ಮುಟ್ಟಿದಂತಾಗಲಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆ 33,000ವನ್ನು ಕಾರ್ಯಕ್ರಮಕ್ಕೆ ಮೊದಲೇ ಅನುಕೂಲಸ್ಥ ಸದಸ್ಯರಿಂದ ವಂತಿಗೆಯಾಗಿ ಕೂಡಿಸಿಬಿಟ್ಟರೆ ಬಾಗಿಲಲ್ಲಿ ಬಂದ 60,000 ರೂಪಾಯಿಯೂ ಪೂರ್ತಿಯಾಗಿ ನಿಧಿಗೆ ಹೋಗುತ್ತದೆ. ಟಿಕೆಟ್ಟಿನ ಮೇಲೆ “ಈ ಹಣವೆಲ್ಲ ರೋಗಿಗಳ ವಾಹನ ವೆಚ್ಚಕ್ಕೆ” ಎಂದು ಧೈರ್ಯವಾಗಿ ಅಚ್ಚು ಹಾಕಿಸಬಹುದು. ಗುರುಗಳ ದಾನ ದಾರಿಯಲ್ಲಿ ಸೋರದೆ ಮುಟ್ಟಬೇಕಾದಲ್ಲಿಗೆ ಮುಟ್ಟಿತು.

ಹಾಗಾದರೆ ವಂತಿಗೆಯಿಂದಲೇ ನಿಧಿ ಮಾಡಬಹುದಲ್ಲ, ಕುಣಿತವೇಕೆ ಎಂದು ಕೇಳುವವರಿದ್ದಾರೆ. 60 ಸದಸ್ಯರು ತಲಾ 500 ಕೊಟ್ಟರೆ 30,000 ಆಗುತ್ತದೆಂಬುದು ನಿಜ. ಆದರೆ ವಂತಿಗೆ ಕೊಟ್ಟವನು ರಸೀತಿ ಜೇಬಿಗಿಟ್ಟು ಮರೆಯುತ್ತಾನೆ. ಪ್ರದರ್ಶನಕ್ಕೆ ಬಂದವನು ತನ್ನ ಮಗಳು, ಪಕ್ಕದ ಮನೆಯ ಹುಡುಗ, ಲೈನಿನ ಮನೆಯ ಹುಡುಗಿ ಒಂದೇ ತಾಳಕ್ಕೆ ಹೆಜ್ಜೆ ಹಾಕುವುದನ್ನು ನೋಡುತ್ತಾನೆ. ಯಾತಕ್ಕಾಗಿ ಎಂಬುದೂ ಮನಸ್ಸಿನಲ್ಲಿ ಉಳಿಯುತ್ತದೆ. ರೋಗಿಯ ಮನೆಯವರು ಬಾಗಿಲು ಬಾಗಿಲಿಗೆ ಕೈಚಾಚುವುದು ತಪ್ಪುತ್ತದೆ. ನಿಧಿ ಒಂದು ವರ್ಷಕ್ಕೆ ಮುಗಿಯುವುದಲ್ಲ. ಮುಂದಿನ ವರ್ಷವೂ ಜನ ನೆನಪಿಡಬೇಕು. ಆದುದರಿಂದ ಎರಡೂ ಬೇಕು: ಖರ್ಚಿಗೆ ವಂತಿಗೆ, ನಿಧಿಗೆ ಟಿಕೆಟ್.

ನಿಯಮಗಳು, ಪರವಾನಗಿಗಳು

1958ರ ಮನರಂಜನಾ ತೆರಿಗೆ ಕಾಯ್ದೆಯ ಕಾಲದಲ್ಲಿ ಸಹಾಯಾರ್ಥ ಪ್ರದರ್ಶನವೆಂದು ತೆರಿಗೆ ವಿನಾಯಿತಿ ಕೋರಿ ಅರ್ಜಿ ಹಿಡಿದು ಅಲೆದ ನೆನಪು ಹಲವರಿಗಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯದ ಆ ತೆರಿಗೆ ಅದರೊಳಗೆ ಸೇರಿತು. ನೃತ್ಯ ಮತ್ತು ನಾಟಕದ ಪ್ರವೇಶ ಶುಲ್ಕ ತಲಾ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲವೆಂದು 2018ರ ಜನವರಿಯಲ್ಲಿ ನಿಗದಿಯಾಯಿತು. ಶಾಸ್ತ್ರೀಯ ಅಥವಾ ಜಾನಪದ ನೃತ್ಯ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ ಒಂದೂವರೆ ಲಕ್ಷ ಮೀರದಿದ್ದರೆ ಅದಕ್ಕೂ ವಿನಾಯಿತಿ ಇದೆ. ಆದಾಗ್ಯೂ ಟಿಕೆಟ್ ಅಚ್ಚು ಹಾಕಿಸುವ ಮೊದಲು ಆಯಾ ವರ್ಷದ ನಿಯಮವನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಆದಾಯ ತೆರಿಗೆಯಲ್ಲಿ ದಾನಕ್ಕೆ ರಿಯಾಯಿತಿ ಸಿಗುವುದು ನೋಂದಾಯಿತ ಸಂಸ್ಥೆಗೆ ಕೊಟ್ಟ ಹಣಕ್ಕೆ ಮಾತ್ರ. ಅದೂ ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ಇಲ್ಲ. ಗುರುಗಳು ಕೊಟ್ಟ ವಿದ್ಯೆಗೆ, ಶ್ರಮಕ್ಕೆ ಯಾವ ರಿಯಾಯಿತಿಯೂ ಇಲ್ಲ. ಸಾವಿರ ರೂಪಾಯಿ ಕೊಟ್ಟ ನಮಗೆ ಸರ್ಕಾರದ ಮನ್ನಣೆಯಿದೆ, ಆರು ವಾರ ಕೊಟ್ಟವರಿಗಿಲ್ಲ. ಕಾನೂನಿನಲ್ಲಿ ಇದಕ್ಕೆ ಕಾರಣಗಳಿರಬಹುದು. ನಮ್ಮ ಲೆಕ್ಕಪತ್ರದಲ್ಲಾದರೂ ಆ ಮನ್ನಣೆ ಕಾಣಬೇಕು.

2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಡಬೇಕು. ಮಕ್ಕಳ ದೃಷ್ಟಿಯಿಂದಲೂ 10ರೊಳಗೆ ಮಂಗಳ ಹಾಡುವುದೇ ಉಚಿತ. ಹಿಮ್ಮೇಳದ ಖರ್ಚು ಉಳಿಸಲು ಮೊಬೈಲಿನಿಂದ ಹಾಡು ಹಾಕಿ ಕುಣಿಸೋಣವೆಂದು ಕೆಲವರು ಸಲಹೆ ಕೊಡುತ್ತಾರೆ. ಟಿಕೆಟ್ ಇಟ್ಟ ಸಾರ್ವಜನಿಕ ಪ್ರದರ್ಶನದಲ್ಲಿ ಧ್ವನಿಮುದ್ರಿತ ಹಾಡು ಬಳಸಲು ಹಕ್ಕುದಾರರ ಪರವಾನಗಿ ಬೇಕಾಗುತ್ತದೆ. ಅದು ಬೇರೊಂದು ಖರ್ಚು. ಮೇಲಾಗಿ ಯಕ್ಷಗಾನವನ್ನು ಚೆಂಡೆಯಿಲ್ಲದೆ ನೋಡುವುದು ಉಪ್ಪಿಲ್ಲದ ಊಟ ಮಾಡಿದಂತೆ.

ಮುಯ್ಯಿ ತೀರಿಸುವುದು ಹೇಗೆ?

ಅಡಿಕೆ ಸುಲಿತದ ಕಾಲದಲ್ಲಿ ಮುಯ್ಯಿ ಆಳಿನ ಪದ್ಧತಿ ನಮಗೆ ಹೊಸತಲ್ಲ. ಇಂದು ಅವರ ಮನೆಯಲ್ಲಿ ನಾವು, ನಾಳೆ ನಮ್ಮ ಮನೆಯಲ್ಲಿ ಅವರು. ಕೂಲಿ ಕೊಡುವುದಿಲ್ಲ ನಿಜ. ಆದರೆ ಅದನ್ನು ಯಾರೂ ಪುಕ್ಕಟೆ ಎನ್ನುವುದಿಲ್ಲ. ಒಂದು ದಿನ ಬಂದವರ ಮನೆಗೆ ಒಂದು ದಿನ ಹೋಗದೇ ಹೋದರೆ ಮುಂದಿನ ವರ್ಷ ನಮ್ಮ ಅಂಗಳಕ್ಕೆ ಮೆಟ್ಟುಗತ್ತಿ ಹಿಡಿದು ಯಾರೂ ಬರುವುದಿಲ್ಲ. ನೃತ್ಯ ಗುರುಗಳ ದಾನವನ್ನೂ ನಾವು ಇದೇ ಭಾವನೆಯಿಂದ ನೋಡಬೇಕು. ನಾವು ಹೋಗಿ ಅವರ ಮನೆಯಲ್ಲಿ ಕುಣಿಯಲಾರೆವು. ನಮ್ಮಿಂದ ಆಗುವುದು ಬೇರೆ ಇದೆ.

ಮಳೆಗಾಲದ ನಾಲ್ಕು ತಿಂಗಳು ನೃತ್ಯದ ತರಗತಿಗೆ ಮಕ್ಕಳು ಸರಿಯಾಗಿ ಬರುವುದಿಲ್ಲ. ಹಳ್ಳ ತುಂಬಿದೆ, ಕರೆಂಟಿಲ್ಲ, ಜ್ವರ ಎಂಬ ಕಾರಣಗಳು. ಮಕ್ಕಳು ಬಾರದ ತಿಂಗಳ ಫೀಸನ್ನು ನಮ್ಮಲ್ಲಿ ಅನೇಕರು ಕೊಡುವುದಿಲ್ಲ. ಕೊಳೆ ಔಷಧಿ ಹೊಡೆಯಲು ಮಳೆ ಬಿಡುವು ಕೊಡದಿದ್ದರೂ ದೋಟಿಗೊನೆಯವರಿಗೆ ಮುಂಗಡ ಕೊಟ್ಟು ಉಳಿಸಿಕೊಳ್ಳುವ ನಾವು, ಮಕ್ಕಳ ಗುರುಗಳ ವಿಷಯದಲ್ಲಿ ಈ ದೂರದೃಷ್ಟಿ ತೋರುವುದಿಲ್ಲ. ಮಳೆಗಾಲದಲ್ಲೂ ಫೀಸು ತಪ್ಪದೆ ಸಂದಾಯವಾದರೆ ಅದೇ ದೊಡ್ಡ ಮುಯ್ಯಿ. ಮೇಳಗಳು ಬಿಡುವಾಗಿರುವ ಆ ದಿನಗಳಲ್ಲಿ ಸಂಘದ ವಾರ್ಷಿಕ ಮಹಾಸಭೆಯಂದು ಒಂದು ತಾಳಮದ್ದಲೆಯನ್ನೋ ನೃತ್ಯವನ್ನೋ ಸಂಭಾವನೆ ಕೊಟ್ಟು ಏರ್ಪಡಿಸಬಹುದು. ಸಹಾಯಾರ್ಥಕ್ಕೆ ಒಮ್ಮೆ ಕರೆದವರನ್ನು ಸಂಭಾವನೆ ಕೊಟ್ಟು ಒಮ್ಮೆ ಕರೆಯಬೇಕು. ಈ ಒಂದು ನಿಯಮವನ್ನು ಪಾಲಿಸಿದರೂ ಸಾಕು, ‘ಬಿಟ್ಟಿ’ ಎಂಬ ಅಪವಾದ ನಮಗೆ ತಟ್ಟುವುದಿಲ್ಲ.

1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು ಸಹಕಾರ ತತ್ತ್ವಗಳಿಗೆ ಏಳನೆಯದಾಗಿ ಸಮುದಾಯದ ಹಿತಚಿಂತನೆಯನ್ನು ಸೇರಿಸಿತು. ಸಮುದಾಯವೆಂದರೆ ಡಯಾಲಿಸಿಸ್‌ಗೆ ಹೋಗುವವರು ಹೇಗೋ, ಅವರಿಗಾಗಿ ಗೆಜ್ಜೆ ಕಟ್ಟುವವರೂ ಹಾಗೆಯೇ.

ಆಡಳಿತ ಮಂಡಳಿಯ ತೀರ್ಮಾನ

ಮೇಲ್ಕಂಡ ಸಂಗತಿಗಳನ್ನೆಲ್ಲ ಚರ್ಚಿಸಿ ಮಂಡಳಿಯು ಈ ಕಾರ್ಯಕ್ರಮಕ್ಕೆ ಸಂಘದ ಸಹಕಾರವನ್ನು ಕೆಳಗಿನ ಷರತ್ತುಗಳ ಮೇಲೆ ಕೊಡಲು ನಿರ್ಣಯಿಸಿದೆ.

1. ಪಕ್ಕವಾದ್ಯ, ಹಿಮ್ಮೇಳ, ವೇಷಭೂಷಣ ಮತ್ತು ಪ್ರಯಾಣದ ಹಣವನ್ನು ಕಾರ್ಯಕ್ರಮಕ್ಕೆ ಒಂದು ವಾರ ಮೊದಲೇ ಗುರುಗಳ ಕೈಗೆ ಒಪ್ಪಿಸಬೇಕು. ಮೇಳ ಬಿಟ್ಟು ಬರುವವರ ಅಂದಿನ ಸಂಬಳವೂ ಇದರಲ್ಲಿ ಸೇರುತ್ತದೆ. ಮಳೆ ಬಂದು ಕಾರ್ಯಕ್ರಮ ನಿಂತರೂ ಈ ಹಣವನ್ನು ಹಿಂದೆ ಕೇಳತಕ್ಕದ್ದಲ್ಲ.

2. ಈ ಖರ್ಚನ್ನು ವಂತಿಗೆಯಿಂದ ಭರಿಸಬೇಕು. ಟಿಕೆಟ್ಟಿನ ಹಣ ಪೂರ್ತಿ ನಿಧಿಗೆ.

3. ಗುರುಗಳು ಬಿಟ್ಟುಕೊಟ್ಟ ಸಂಭಾವನೆಯನ್ನು ಸೇವಾರೂಪದ ದೇಣಿಗೆಯೆಂದು ಲೆಕ್ಕಪತ್ರದಲ್ಲಿ ದಾನಿಗಳ ಪಟ್ಟಿಯ ಮೊದಲ ಸಾಲಿನಲ್ಲಿ ತೋರಿಸಬೇಕು.

4. ಸಭಾ ಕಾರ್ಯಕ್ರಮ 20 ನಿಮಿಷ ಮೀರಬಾರದು. ಕಿರೀಟ ಕಟ್ಟಿ ಚೌಕಿಯಲ್ಲಿ ಕುಳಿತ ಮಕ್ಕಳ ಕತ್ತಿಗೆ ಎಷ್ಟು ಭಾರವೆಂಬುದು ಭಾಷಣಕಾರರಿಗೆ ತಿಳಿಯುವುದಿಲ್ಲ. ಹಾರ, ಶಾಲು, ನೆನಪಿನ ಕಾಣಿಕೆಗಳಿಗೆ ನಿಧಿಯಿಂದ ಹಣವಿಲ್ಲ.

5. ರೋಗಿಗಳನ್ನು ವೇದಿಕೆಗೆ ಕರೆಯಬಾರದು. ಅವರ ಹೆಸರು, ಭಾವಚಿತ್ರ ಕರಪತ್ರದಲ್ಲಿ ಬರಬಾರದು.

6. ತೋಟದ ಕೆಲಸಗಾರರಿಗೆ ಟಿಕೆಟ್ ಹಂಚಿ ವಾರದ ಬಟವಾಡೆಯಲ್ಲಿ ಹಣ ಹಿಡಿಯಬಾರದು. ಅವರ ಮಕ್ಕಳೂ ಕುಣಿಯುತ್ತಿದ್ದಾರೆ. ಅವರಿಗೆ ಪ್ರವೇಶ ಉಚಿತ. ಇಷ್ಟಪಟ್ಟು ಡಬ್ಬಿಗೆ ಹಾಕಿದರೆ ಅದು ಬೇರೆ ಮಾತು.

7. ಕಾರ್ಯಕ್ರಮವಾದ 15 ದಿನಗಳೊಳಗೆ ಜಮಾಖರ್ಚಿನ ಪಟ್ಟಿಯನ್ನು ಸಂಘದ ಸೂಚನಾ ಫಲಕದಲ್ಲಿ ಹಾಕಿ, ಈ ಪತ್ರಿಕೆಯಲ್ಲೂ ಪ್ರಕಟಿಸಬೇಕು. ಯುಪಿಐ ಮೂಲಕ ಬಂದ ಹಣ ಯಾರ ಸ್ವಂತ ಖಾತೆಗೂ ಹೋಗದೆ ನಿಧಿಯ ಖಾತೆಗೇ ಬರಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

8. ಅದೇ ಗುರುಗಳನ್ನು ಮುಂದಿನ ಎರಡು ವರ್ಷ ಸಹಾಯಾರ್ಥಕ್ಕೆ ಕೇಳಬಾರದು. ಅವರಾಗಿಯೇ ಬಂದರೂ ಯೋಚಿಸಬೇಕು.

ಈ ಷರತ್ತುಗಳನ್ನು ಗುರುಗಳಿಗೆ ಓದಿ ಹೇಳಿದೆವು. ಟೀಚರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಪಿಟೀಲಿನವರನ್ನೂ ಕರೆಯಬಹುದಾ?” ಎಂದು ಕೇಳಿದರು. ನಮಗೆ ಭಾರವಾದೀತೆಂದು ಪಟ್ಟಿಯಲ್ಲಿ ಕೊಳಲಿಗೆ ನಿಲ್ಲಿಸಿದ್ದರಂತೆ. ಮೇಷ್ಟ್ರು ಮಾತ್ರ ಎಂಟನೆಯ ಷರತ್ತನ್ನು ಒಪ್ಪಲಿಲ್ಲ. “ನನಗೆ ವಯಸ್ಸಾಯ್ತು ಮಾರಾಯ್ರೆ, ಎರಡು ವರ್ಷ ಅಂದ್ರೆ ಹೇಗೆ? ಮಕ್ಕಳಿಗೆ ರಂಗಸ್ಥಳ ಸಿಗೋದು ಯಾವಾಗ?” ಎಂದರು. ಅದಕ್ಕೆ ಉತ್ತರವಾಗಿ, ಮಹಾಸಭೆಯ ದಿನದ ಸಂಭಾವನೆಯ ಕಾರ್ಯಕ್ರಮಕ್ಕೆ ಅವರ ತಂಡವನ್ನೇ ಗೊತ್ತುಮಾಡಿದ್ದೇವೆ.

ಇನ್ನು ಕೆಲಸ ನಮ್ಮದು. ತಾಲ್ಲೂಕು ಕೇಂದ್ರದಿಂದ ಪಕ್ಕವಾದ್ಯದವರನ್ನು ಕರೆತಂದು ರಾತ್ರಿ ಮತ್ತೆ ಬಿಟ್ಟುಬರಲು ಎರಡು ಜೀಪು ಬೇಕು. ವೇಷದ ಪೆಟ್ಟಿಗೆಗಳಿಗೆ ಒಂದು ಪಿಕಪ್ ಬೇಕು. ಕರೆಂಟು ನಂಬುವಂತಿಲ್ಲವಾದ್ದರಿಂದ ಜನರೇಟರ್ ಇರುವ ಸದಸ್ಯರೊಬ್ಬರ ನೆರವು ಬೇಕು. 40 ಜನರ ಅಡುಗೆಯನ್ನು ನಾಲ್ಕು ಮನೆಯವರು ಹಂಚಿಕೊಳ್ಳಬೇಕು; ಭಾಗವತರಿಗೆ ಹಾಡುವ ಮೊದಲು ಬಿಸಿನೀರು, ವೇಷಧಾರಿಗಳಿಗೆ ವೇಷ ಕಳಚಿದ ಮೇಲೆ ಬಿಸಿ ಊಟ ಎಂಬುದನ್ನು ಮರೆಯಬಾರದು. ಖರ್ಚಿನ ವಂತಿಗೆ ಕೊಡಬಯಸುವವರು ಕಚೇರಿಯಲ್ಲಿ ಹೆಸರು ಬರೆಸಿ ರಸೀತಿ ಪಡೆಯಬಹುದು. ದೊಡ್ಡ ಮೊತ್ತವೇ ಆಗಬೇಕೆಂದೇನೂ ಇಲ್ಲ. ಅರೇಬಿಕಾ ಕೊಯ್ಲು ಮುಗಿದಿದೆ, ರೊಬಸ್ಟಾ ಕಣದಲ್ಲಿದೆ, ಪರೀಕ್ಷೆಗಳು ಇನ್ನೂ ಹತ್ತಿರವಾಗಿಲ್ಲ. ಇಷ್ಟು ಅನುಕೂಲದ ವಾರ ವರ್ಷದಲ್ಲಿ ಇನ್ನೊಂದಿಲ್ಲ. ಜೀಪು ಕೊಡುವವರು ಈ ಸಂಚಿಕೆ ಕೈಸೇರಿದ ಹತ್ತು ದಿನಗಳೊಳಗೆ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.